ಕೆರೆಗೋಡಿನ ಗೋಡೆ

ಕೆರೆಗೋಡಿನ ವಾಸನೆ ಬಂದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಕಡೆ ಬೇರೆ ಯಾರಿಗೂ ಹಾಗಾಗುವುದಿಲ್ಲ. ಬೇಸಿಗೆಯಲ್ಲಿ ಕೆರೆ ಒಣಗಿ, ತಳದ ಕಪ್ಪು ಹೂಳನ್ನು ಟ್ರ್ಯಾಕ್ಟರಿಗೆ ತುಂಬಿ ಹೊಲಕ್ಕೆ ಹೊಡೆಯುವಾಗ ಬರುವ ಆ ವಾಸನೆ ರೈತರಿಗೆ ಪ್ರೀತಿ. ಗೋಡು ಬಿದ್ದ ಹೊಲ ಮೂರು ವರ್ಷ ಗೊಬ್ಬರ ಕೇಳುವುದಿಲ್ಲ ಎನ್ನುತ್ತಾರೆ. ನಿಜವೇ. ಹೊಲಕ್ಕೆ ಅದರಷ್ಟು ಒಳ್ಳೆಯ ಮಣ್ಣಿಲ್ಲ. ಆ ಮಣ್ಣಿನಿಂದ ಮನೆ ಕಟ್ಟಿಸಿದವರಲ್ಲಿ ನಾನೂ ಒಬ್ಬಳು.

ಈ ಏಪ್ರಿಲಿನಲ್ಲಿ ಚಿತ್ರದುರ್ಗದಿಂದ ಹೊಳಲ್ಕೆರೆಗೆ ಬಸ್ಸಿನಲ್ಲಿ ವಾಪಸಾಗುತ್ತಿದ್ದೆ. ಮುಂದೆ ಗೋಡು ತುಂಬಿದ ಮೂರು ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. ಕಿಟಕಿ ತುಂಬ ಅದೇ ವಾಸನೆ. ನನ್ನ ತೊಡೆಯ ಮೇಲೆ ಅವತ್ತಿನ ಸಭೆಯಲ್ಲಿ ಹಂಚಿದ ಬಣ್ಣದ ಕಿರುಹೊತ್ತಗೆ ಇತ್ತು. ಕಡಿಮೆ ಖರ್ಚಿನ ಪರಿಸರಸ್ನೇಹಿ ಮನೆಗಳ ಬಗ್ಗೆ ಕಾಲೇಜೊಂದರ ಸಭಾಂಗಣದಲ್ಲಿ ದಿನವಿಡೀ ನಡೆದ ಸಭೆ. ಹೊಳಲ್ಕೆರೆಯಲ್ಲಿ ಮನೆಗಳ ನಕ್ಷೆ ಬರೆದುಕೊಡುವ ಪುಟ್ಟ ಆಫೀಸು ಇಟ್ಟುಕೊಂಡಿರುವುದರಿಂದ ನನಗೂ ಕರೆ ಬಂದಿತ್ತು. ಹೊತ್ತಗೆಯ ಆರನೆಯ ಪುಟದಲ್ಲಿ ಒಂದು ಮನೆಯ ಚಿತ್ರ. ಕೆಮ್ಮಣ್ಣಿನ ಸಾರಣೆ, ಬಿಳಿ ಚಿತ್ತಾರ, ಬಾಗಿಲಲ್ಲಿ ಕಂಬಳಿ ಹೊದ್ದ ಹೆಂಗಸು. ಕೆಳಗೆ ಹೀಗೆ ಬರೆದಿತ್ತು: ‘ಕೆರೆಯ ಹೂಳಿನಿಂದಲೇ ಕಟ್ಟಿದ ಮನೆಗಳು. ಎಂಟು ವರ್ಷಗಳಿಂದ ಕುರಿಗಾಹಿ ಕುಟುಂಬಗಳು ಇಲ್ಲಿ ನೆಮ್ಮದಿಯಿಂದ ಬಾಳುತ್ತಿವೆ.’

ಆ ಚಿತ್ರ ತೆಗೆದ ಮೇಲೆ ಆ ಮನೆ ನಿಂತಿದ್ದು ಹತ್ತೊಂಬತ್ತು ದಿನ. ಬಿದ್ದಾಗ ನಾನು ಅಲ್ಲೇ ಇದ್ದೆ.

ವೇದಿಕೆಯ ಮೇಲೆ ಕೂತಿದ್ದವರು ಆ ಮನೆ ಕಟ್ಟಿಸಿದ ಸಂಸ್ಥೆಯ ನಿರ್ದೇಶಕರು; ಆಗ ನಾನು ಅವರ ಕೈಕೆಳಗೆ ಕೆಲಸಕ್ಕಿದ್ದೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ಮಾತು ಮಾತ್ರ ಹಾಗೇ ಇದೆ. ಭಾಷಣ ಮುಗಿಸಿ, “ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ” ಎಂದರು. ಮೂರನೆಯ ಸಾಲಿನಲ್ಲಿ ಕೂತಿದ್ದ ನನ್ನ ಕೈ ಮೇಲೇಳಲಿಲ್ಲ. ಊಟಕ್ಕೆ ಬಿಟ್ಟರು. ನಾನು ಎದ್ದು ಬಸ್ ನಿಲ್ದಾಣಕ್ಕೆ ಬಂದೆ. ಆ ಸಿಟ್ಟಿನಲ್ಲಿ ಅರ್ಧ ಅವರ ಮೇಲಿನದು. ಉಳಿದರ್ಧ ಯಾರ ಮೇಲಿನದು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಊರು ಹಿರಿಯೂರಿನ ಹತ್ತಿರದ ಬಬ್ಬೂರು. ಅಪ್ಪ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂಲಿಯವನಾಗಿದ್ದ. ರೈತರ ಹೊಲಗಳಿಂದ ಬಂದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಚೀಲಕ್ಕೆ ತುಂಬಿ ಚೀಟಿ ಅಂಟಿಸುವುದು ಅವನ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ್ದರಿಂದ ಚೀಟಿ ನೋಡದೆ ಚೀಲಕ್ಕೆ ಕೈ ಹಾಕಿ ಇದು ಯಾವ ಕಡೆಯ ಮಣ್ಣು ಎನ್ನುತ್ತಿದ್ದ. ನಾನು ಚಿತ್ರದುರ್ಗದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಇಪ್ಪತ್ಮೂರನೆಯ ವಯಸ್ಸಿಗೆ ಹೊಸದುರ್ಗದ ಒಂದು ಸೇವಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು ಎಂದಾಗ ಇಡೀ ಬೀದಿಗೆ ಹೇಳಿಕೊಂಡು ಬಂದ. “ಬಡವರಿಗೆ ಮನೆ ಕಟ್ಟೋ ಕೆಲ್ಸ ಕಣಪ್ಪ. ಸರ್ಕಾರದ್ದಲ್ಲ, ಆದ್ರೂ ಒಳ್ಳೇದು.”

ಒಳ್ಳೆಯದೇ ಎಂದು ನಾನೂ ನಂಬಿದ್ದೆ. ಕಾಲ ಬುಡದ ಮಣ್ಣನ್ನೇ ತೆಗೆದು, ಚೂರು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವುದು. ಸುಡಬೇಕಾಗಿಲ್ಲ, ಅದಕ್ಕಾಗಿ ಮರ ಕಡಿಯಬೇಕಾಗಿಲ್ಲ. ಊರವರೇ ಮಾಡಿಕೊಳ್ಳಬಹುದು. ನಮ್ಮ ಸೀಮೆಯ ಬಿಸಿಲಿಗೆ ಗೋಡೆ ತಣ್ಣಗಿರುತ್ತದೆ. ಈ ವಿಚಾರ ಸುಳ್ಳಲ್ಲ. ಇವತ್ತಿಗೂ ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಮಣ್ಣಿನ ಮೇಲೆ ಗೂಬೆ ಕೂರಿಸುತ್ತಾರೆ. ಮಣ್ಣು ಯಾರಿಗೂ ಮೋಸ ಮಾಡಲಿಲ್ಲ.

ಮಾಡದಕೆರೆ ಕಡೆಯ ಒಂದು ಹಟ್ಟಿಯಲ್ಲಿ ಹನ್ನೊಂದು ಮನೆ ಕಟ್ಟಬೇಕಿತ್ತು. ಕುರಿ ಸಾಕುವವರ ಹಟ್ಟಿ. ಗಂಡಸರು ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗಿರುತ್ತಿದ್ದರು. ನಡೆಯಲಾರದ ಎಳೆಯ ಮರಿಗಳು, ಹೆಂಗಸರು, ಮುದುಕರು ಹಟ್ಟಿಯಲ್ಲಿ. ಕಲ್ಲು-ಮಣ್ಣಿನ ಮೋಟುಗೋಡೆ, ಮೇಲೆ ತೆಂಗಿನ ಗರಿ, ಅದರ ಮೇಲೆ ಹರಿದ ಟಾರ್ಪಾಲು, ಇಂಥ ಗುಡಿಸಲುಗಳು. ರಸ್ತೆಗೆ ಮೊದಲು ಸಿಗುವುದು ಈರಕ್ಕನದು. ಮೂವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ನಾನು ಹೋದ ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇಷ್ಟುದ್ದ ಹುಡುಗಿ ಮನೆ ಕಟ್ಟಿಸ್ತೀಯಾ? ಕುಂತ್ಕ ಬಾ, ಮಜ್ಜಿಗೆ ಕುಡಿ” ಎಂದಿದ್ದಳು.

ಗಾರೆ ಮೇಸ್ತ್ರಿಯಾಗಿ ಬಂದವರು ತಿಪ್ಪಣ್ಣ. ಅಲ್ಲಿಗೆ ಎರಡು ಮೈಲಿ ದೂರದ ಊರಿನವರು, ಐವತ್ತರ ಹತ್ತಿರದವರು. ಅವರ ಅಪ್ಪನ ಕಾಲದಿಂದ ಮಣ್ಣಿನ ಗೋಡೆ, ಕಲ್ಲಿನ ಬಾವಿ ಕಟ್ಟಿದ ಮನೆತನ. ಕನ್ನಡ ಪೇಪರನ್ನು ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಕೆರೆಯಿಂದ ಗೋಡು ಬಂದು ಹಟ್ಟಿಯ ಮುಂದೆ ರಾಶಿ ಬಿತ್ತು. ತಿಪ್ಪಣ್ಣ ಒಂದು ಹಿಡಿ ತೆಗೆದು, ನೀರು ಚಿಮುಕಿಸಿ ನಾದಿ, ಹೆಬ್ಬೆರಳು ಗಾತ್ರದ ಹಗ್ಗದಂತೆ ಹೊಸೆದು ನೆರಳಿನಲ್ಲಿ ಕಲ್ಲಿನ ಮೇಲಿಟ್ಟರು. “ನಾಳೆ ನೋಡಾಣ” ಎಂದರು. ಮರುದಿನ ಅದು ಕುಗ್ಗಿ ಮೂರು ತುಂಡಾಗಿತ್ತು.

“ಇದು ನೀರು ಕುಡಿದ್ರೆ ಉಬ್ತೈತೆ, ಒಣಗಿದ್ರೆ ಸೀಳ್ತೈತೆ, ಇಂಜಿನಿಯರಮ್ಮ. ಹೊಲಕ್ಕೆ ಹಾಕ್ರಿ, ದೇವರಂಥ ಮಣ್ಣು. ಗೋಡೆಗೆ ಬ್ಯಾಡ. ಹಿಂದ್ಗಡೆ ಗುಡ್ಡದಾಗೆ ಕೆಂಪು ಗರಸು ಬೇಕಾದಷ್ಟು ಐತೆ.”

ನಾನೂ ಕಾಲೇಜಿನಲ್ಲಿ ಕಲಿತ ಪರೀಕ್ಷೆ ಮಾಡಿದ್ದೆ. ಗಾಜಿನ ಬಾಟಲಿಗೆ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಕೆಳಗೆ ಕೂರುತ್ತದೆ, ಜಿಗುಟು ಮಣ್ಣು ಮೇಲೆ ನಿಲ್ಲುತ್ತದೆ. ಗೋಡೆಯ ಇಟ್ಟಿಗೆಗೆ ಅರ್ಧಕ್ಕಿಂತ ಹೆಚ್ಚು ಮರಳು ಇರಬೇಕು. ಮೂರು ಬಾಟಲಿ ಸಾಲಾಗಿ ಇಟ್ಟಿದ್ದೆ: ಗೋಡು, ಗುಡ್ಡದ ಗರಸು ಎಂಬ ಮರಳುಮರಳಾದ ಕೆಂಪು ಮಣ್ಣು, ಎರಡೂ ಬೆರೆಸಿದ್ದು. ಈರಕ್ಕ ಬಂದು, “ಏನವ್ವ, ಉಪ್ಪಿನಕಾಯಿ ಹಾಕೀಯಾ?” ಎಂದು ನಕ್ಕಳು. ಗೋಡಿನ ಬಾಟಲಿಯ ತಳದಲ್ಲಿ ಮರಳು ಒಂದು ಗೆರೆಯಷ್ಟೂ ಇರಲಿಲ್ಲ. ಪೂರ್ತಿ ಕಪ್ಪು ಜಿಗುಟು. ತಿಪ್ಪಣ್ಣ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ ತುಂಬ ಖುಷಿಪಟ್ಟರು. ತನ್ನ ಬೆರಳು ಹೇಳಿದ್ದನ್ನೇ ಓದಿದವಳ ಬಾಟಲಿಯೂ ಹೇಳಿತಲ್ಲ ಎಂದು.

ಸೋಮವಾರ ನಿರ್ದೇಶಕರು ಕಾರಿನಲ್ಲಿ ಬಂದರು. ನಾನು ಬಾಟಲಿಗಳನ್ನು ತೋರಿಸಿ, ಗರಸಿನಿಂದಲೇ ಇಟ್ಟಿಗೆ ಮಾಡೋಣ ಎಂದೆ.

“ಸುಮಿತ್ರಾ, ಕೆಂಪು ಮಣ್ಣಿನ ಮನೆ ಯಾರು ಬೇಕಾದರೂ ಕಟ್ಟುತ್ತಾರೆ. ಅದರಲ್ಲಿ ಹೊಸದೇನಿದೆ? ಕೆರೆಯ ಹೂಳೂ ತೆಗೆದಂತಾಯಿತು, ಬಡವರಿಗೆ ಮನೆಯೂ ಆಯಿತು. ನಮಗೆ ನೆರವು ಕೊಡುವವರಿಗೆ ನಾನು ಹೇಳಿರುವುದು ಇದನ್ನೇ.”

“ಸರ್, ಇದರಲ್ಲಿ ಮರಳೇ ಇಲ್ಲ. ಕೊನೇಪಕ್ಷ ಗರಸು ಬೆರೆಸೋಣ.”

“ಬೆರೆಸಿದರೆ ಹೂಳಿನಿಂದಲೇ ಕಟ್ಟಿದ್ದು ಅಂತ ಹೇಗೆ ಹೇಳುವುದು? ಸಿಮೆಂಟು ಒಂದು ಪಾಲು ಜಾಸ್ತಿ ಹಾಕಿ. ಅದು ಎಲ್ಲವನ್ನೂ ಹಿಡಿದುಕೊಳ್ಳುತ್ತೆ.”

ತಿಪ್ಪಣ್ಣ ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. “ಸಾಹೇಬ್ರೆ, ಸಿಮೆಂಟು ಮರಳನ್ನ ಹಿಡೀತೈತೆ, ಜಿಗುಟನ್ನ ಹಿಡಿಯಲ್ಲ. ನಿಮ್ಮ ಮನೆ ಗೋಡೆಗೆ ಇದನ್ನ ಹಾಕ್ತೀರೇನ್ರಿ?”

ನಿರ್ದೇಶಕರು ನಕ್ಕರು. “ಮೇಸ್ತ್ರಿ, ನೀವು ಕಟ್ಟಿ. ವಿಜ್ಞಾನ ನಮಗೆ ಬಿಡಿ.” ಆಮೇಲೆ ನನ್ನ ಕಡೆ ತಿರುಗಿದರು. “ಏನಂತೀರಿ ಸುಮಿತ್ರಾ?”

ನಾನು ಏನಂದೆ ಗೊತ್ತೇ? “ಪ್ರಯತ್ನ ಮಾಡಬಹುದು ಸರ್” ಎಂದೆ.

ಮೊದಲ ಕೆಲಸ, ಅಪ್ಪ ಬೀದಿಗೆಲ್ಲ ಹೇಳಿದ್ದಾನೆ, ಬಿಟ್ಟರೆ ಮುಂದೇನು. ಎಲ್ಲ ನಿಜ. ಆದರೆ ಯಾವುದೂ ಸಮರ್ಥನೆಯಲ್ಲ. ಯಾರದೋ ತಲೆಯ ಮೇಲಿನ ಸೂರಿನ ವಿಷಯದಲ್ಲಿ ‘ಪ್ರಯತ್ನ ಮಾಡಬಹುದು’ ಎನ್ನಲು ನನಗೆ ಯಾರು ಅಧಿಕಾರ ಕೊಟ್ಟಿದ್ದರು? ಇದನ್ನು ನಾನು ಆಮೇಲೆ ಎಷ್ಟೋ ಕಡೆ ನೋಡಿದ್ದೇನೆ. ಉಳ್ಳವರ ಮನೆಗೆ ಬಳಸಿ ಗೊತ್ತಿರುವ ಕಲ್ಲು, ಬಳಸಿ ಗೊತ್ತಿರುವ ಕಬ್ಬಿಣ. ಬಡವರ ಮನೆಗೆ ಮಾತ್ರ ಹೊಸ ಹೊಸ ಪ್ರಯೋಗ. ಗೆದ್ದರೆ ಪ್ರಯೋಗ ಮಾಡಿದವರ ಹೆಸರು ಪುಸ್ತಕದಲ್ಲಿ. ಸೋತರೆ ಗೋಡೆಯ ಕೆಳಗೆ ಇರುವವರು ಬೇರೆಯವರು. ಗ್ರಾನೈಟ್ ನೆಲದ ಮನೆಯಿಂದ ಎದ್ದು ಬಂದು, ಎ.ಸಿ. ಹಾಕಿದ ಕೋಣೆಯಲ್ಲಿ ಕೂತು, ಮಣ್ಣಿನ ಮನೆಯ ತಂಪನ್ನು ಹೊಗಳುವವರ ಬಾಯಿಗೆ ಒಂದು ಹಿಡಿ ಆ ಗೋಡನ್ನೇ ತುರುಕಬೇಕು ಎನ್ನಿಸುತ್ತದೆ.

ಅವತ್ತು ಸಂಜೆ ತಿಪ್ಪಣ್ಣನವರನ್ನು ಕೇಳಿದೆ. “ನಿಮಗೆ ಇಷ್ಟ ಇಲ್ಲದಿದ್ದರೆ ಕೆಲಸ ಬಿಡಬಹುದಲ್ಲ?”

“ನಾನು ಹೋದ್ರೆ ಇನ್ನೊಬ್ಬ ಬರ್ತಾನೆ. ಅವನಿಗೆ ನೂಲು ಹಿಡಿಯಾಕೂ ಬರದಿದ್ರೆ? ನಾನಿದ್ರೆ ಗೋಡೆನಾರ ನೆಟ್ಟಗಿರ್ತೈತೆ.”

ಅಡಿಪಾಯಕ್ಕೆ ಅವರು ಒಳ್ಳೆಯ ಕಲ್ಲು ಆರಿಸಿ, ನಕ್ಷೆಯಲ್ಲಿ ಇದ್ದದ್ದಕ್ಕಿಂತ ಒಂದು ಸಾಲು ಎತ್ತರ ಮಾಡಿದರು. ಹೆಂಚಿನ ಸೂರನ್ನು ಗೋಡೆಯಿಂದ ಒಂದು ಮೊಳ ಮುಂದೆ ಬಿಡೋಣ, ಇರಚಲು ಹೊಡೆಯುವುದಿಲ್ಲ ಎಂದು ಮೂರು ಸಲ ಕೇಳಿದರು. ನಕ್ಷೆಯಲ್ಲಿ ಒಂದು ಗೇಣು ಇತ್ತು. ಒಂದು ಗೇಣೇ ಆಯಿತು.

ಮಾರ್ಚಿನ ದಿನಗಳನ್ನು ನೆನೆದರೆ ಮಾತ್ರ ನನಗೆ ಸಿಟ್ಟಿನ ನಡುವೆಯೂ ಸ್ವಲ್ಪ ಉಸಿರಾಡಲು ಆಗುತ್ತದೆ. ಇಟ್ಟಿಗೆ ಒತ್ತುವ ಯಂತ್ರವನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿದ್ದೆವು. ಮಣ್ಣು ತುಂಬಿ, ಮುಚ್ಚಳ ಹಾಕಿ, ಉದ್ದನೆಯ ಹಿಡಿಯನ್ನು ಇಬ್ಬರು ಹೆಂಗಸರು ಜೋತುಬಿದ್ದು ಎಳೆಯಬೇಕು. ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಳೆಯುತ್ತ, “ಈ ಮಿಷನ್ನು ನಮ್ಮತ್ತೆಗಿಂತ ಬಿಗಿ ಕಣ್ರೇ, ಬಗ್ಗದೇ ಇಲ್ಲ” ಎನ್ನುತ್ತಿದ್ದಳು. ಹಿಡಿ ಮೇಲೆ ಹೋದಾಗ ಹೊಳೆಯುವ ಕಪ್ಪು ಇಟ್ಟಿಗೆ ಮೇಲೆದ್ದು ಬರುತ್ತಿತ್ತು. ಅದನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಸಾಲಿಗೆ ಇಡುವುದು. ಮೇಲೆ ಒದ್ದೆ ಗೋಣಿತಾಟು. ಕರೆಂಟು ಬಂದಾಗ ಬೋರಿನಿಂದ ಕೊಡಗಳಲ್ಲಿ ನೀರು ತಂದು ಗೋಣಿತಾಟು ಆರದಂತೆ ನೋಡಿಕೊಳ್ಳುವುದು. ಹೆಂಗಸರು ತಮ್ಮ ತಮ್ಮ ಮನೆಯ ಇಟ್ಟಿಗೆಗೆ ಗುರುತು ಹಾಕುತ್ತಿದ್ದರು. ಈರಕ್ಕನದು ಮೂರು ಬೆರಳ ಗುರುತು.

“ಅವ್ವಾ, ಒಳಗೊಂದು ಮೂಲೆ ಬಿಡ್ಸು, ಮರಿ ಕಟ್ಟಾಕೆ” ಎಂದು ಅವಳು ನನ್ನನ್ನು ಕೇಳಿದಳು. ನಕ್ಷೆಯಲ್ಲಿ ಮಲಗುವ ಕೋಣೆ ಇತ್ತು, ಓದುವ ಮೂಲೆ ಇತ್ತು, ಹೂವಿನ ಕುಂಡ ಇಡುವ ಕಟ್ಟೆ ಕೂಡ ಇತ್ತು. ಕುರಿಗಾಹಿಯ ಮನೆಯಲ್ಲಿ ಕುರಿಮರಿಗೆ ಜಾಗ ಇರಲಿಲ್ಲ. ಕೇಳಿ ನೋಡುತ್ತೇನೆ ಎಂದೆ. ಕೇಳಲಿಲ್ಲ. ಅವಳು ಹಿಂದಿನ ಗೋಡೆಗೆ ಒತ್ತಿ ಮುಳ್ಳಿನ ಬೇಲಿ ಕಟ್ಟಿ ಮರಿಗಳಿಗೆ ಜಾಗ ಮಾಡಿಕೊಂಡಳು.

ಮೇ ಮೊದಲ ವಾರ ನೆರವು ಕೊಡುವವರು ಬರುತ್ತಾರೆ ಎಂದು ಏಪ್ರಿಲ್ ನಡುವಿನಲ್ಲಿ ಸುದ್ದಿ ಬಂತು. ಇಟ್ಟಿಗೆ ಮೂರು ವಾರವಾದರೂ ನೀರು ಕುಡಿದು ಗಟ್ಟಿಯಾಗಬೇಕು, ಆಮೇಲೆ ಆರಬೇಕು. ರಸ್ತೆಗೆ ಎದುರಿಗಿದ್ದ ಈರಕ್ಕನ ಮನೆ ಮೊದಲು ಮುಗಿಯಬೇಕೆಂದು ನಿರ್ದೇಶಕರು, ಕೊನೆಗೆ ಒತ್ತಿದ ಅವಳ ಪಾಲಿನ ಒಂಬತ್ತು ದಿನದ ಇಟ್ಟಿಗೆಯನ್ನೇ ಎತ್ತಿ ಕಟ್ಟಿಸಿದರು.

ತಿಪ್ಪಣ್ಣ ಕರಣೆ ಕೆಳಗಿಟ್ಟು ನಿಂತರು. “ಹಸಿ ಬಾಣಂತಿನ ಎಬ್ಬಿಸಿ ರಾಗಿ ಬೀಸಾಕೆ ಕುಂದ್ರಿಸ್ದಂಗೆ ಆತಿದು. ಹೇಳ್ರಿ ನಿಮ್ಮ ಸಾಹೇಬ್ರಿಗೆ.”

ಫೋನಿನಲ್ಲಿ ಹೇಳಿದೆ. “ಮ್ಯಾನೇಜ್ ಮಾಡಿ” ಎಂದರು. ಮ್ಯಾನೇಜ್ ಮಾಡಿದೆ.

ಮೂರನೆಯ ದಿನಕ್ಕೇ ಗೋಡೆಯಲ್ಲಿ ಕೂದಲೆಳೆಯ ಬಿರುಕು ಕಂಡವು. ಅದನ್ನು ಮುಚ್ಚಲು ಕೆಮ್ಮಣ್ಣಿನ ಸಾರಣೆ, ಅದರ ಮೇಲೆ ಸುಣ್ಣದ ಚಿತ್ತಾರ. ಬಿರುಕಿನ ಮೇಲೆ ಕುಂಚ ಎಳೆದ ಕೈಗಳಲ್ಲಿ ನನ್ನ ಎರಡು ಕೈ ಇದ್ದವು. ನೆರವು ಕೊಡುವವರು ಬಂದ ಗೃಹಪ್ರವೇಶದ ದಿನ ಫೋಟೋ ತೆಗೆಯುವವನು ಈರಕ್ಕನಿಗೆ ಕಂಬಳಿ ಹೊದ್ದು ಬಾಗಿಲಲ್ಲಿ ನಿಲ್ಲಲು ಹೇಳಿದ. “ಈ ಬಿಸಿಲಾಗೆ ಕಂಬಳಿ ಹೊದ್ದೋರು ಯಾರವ್ವ?” ಎಂದು ಅವಳು ನನ್ನನ್ನು ಕೇಳಿದಳು. ಕುರಿಯವರು ಎಂದು ಗೊತ್ತಾಗಲಿ ಅಂತ ಅಕ್ಕ, ಎಂದೆ. ಹೊದ್ದಳು. ಹಣೆಯಿಂದ ಬೆವರು ಇಳಿಯುತ್ತಿತ್ತು. ಕಿರುಹೊತ್ತಗೆಯ ಚಿತ್ರದಲ್ಲಿ ಅದು ಮುಖದ ಹೊಳಪಿನಂತೆ ಕಾಣುತ್ತದೆ.

ಹತ್ತೊಂಬತ್ತನೆಯ ದಿನ, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕೃತ್ತಿಕೆ ಮಳೆ ಹುಯ್ಯಿತು. ಗಾಳಿಯ ಜೊತೆ ಓರೆಯಾಗಿ ಬಂದ ಮಳೆ. ನಾನೂ ತಿಪ್ಪಣ್ಣನೂ ಪಕ್ಕದ ಮನೆಯಲ್ಲಿ ಬಾಗಿಲು ಕೂರಿಸುತ್ತಿದ್ದೆವು. ಸೂರಿನಿಂದ ಬಿದ್ದ ನೀರು ನೇರ ಗೋಡೆಯ ಬುಡಕ್ಕೆ ಎರಚುತ್ತಿತ್ತು. ಕೆಮ್ಮಣ್ಣಿನ ಸಾರಣೆ ತೊಳೆದುಹೋಗಿ ಕಪ್ಪು ಕಾಣಿಸತೊಡಗಿತು. ತಿಪ್ಪಣ್ಣ ನೋಡಿದವರೇ ಹೊರಗೆ ಓಡಿ, “ಈರಮ್ಮಾ, ಹೊರಾಕೆ ಬಾ, ಹೊರಾಕೆ ಬಾ” ಎಂದು ಕೂಗಿದರು. ಅವಳು ಹೊರಗೇ ಇದ್ದಳು. ಮರಿ ಬಿಚ್ಚಲು ಮನೆಯ ಹಿಂದಕ್ಕೆ ಹೋಗಿದ್ದಳು.

ಒಣ ಗೋಡೆ ಬಿದ್ದರೆ ಸದ್ದಾಗುತ್ತದೆ. ಒದ್ದೆ ಗೋಡೆ ಸುಸ್ತಾದವರ ಹಾಗೆ ಸುಮ್ಮನೆ ಕೂತುಬಿಡುತ್ತದೆ. ಮೊದಲು ಕೇಳಿಸಿದ್ದು ಹೆಂಚು ಜಾರಿ ಒಡೆದ ಸದ್ದು. ನಾವು ಹಿಂದೆ ಹೋಗುವಷ್ಟರಲ್ಲಿ ಅವಳ ಎಡಗಾಲು ಮಂಡಿಯವರೆಗೆ ಗೋಡೆಯ ಕೆಳಗಿತ್ತು. ಕೈಯಿಂದಲೇ ತೋಡಿದೆವು. ನಾವು ಒತ್ತಿ ಒತ್ತಿ ಮಾಡಿದ ಇಟ್ಟಿಗೆ ಬೆರಳ ಸಂದಿಯಲ್ಲಿ ಸಾಬೂನಿನ ಹಾಗೆ ಹಿಸುಕಿಹೋಗುತ್ತಿತ್ತು. ಆ ವಾಸನೆ ಮೂಗಿನೊಳಗೆ, ಬಾಯೊಳಗೆ. ಈರಕ್ಕ ಒಂದೇ ಸಮನೆ, “ಮರಿ ನೋಡ್ರಿ, ಮರಿ ನೋಡ್ರಿ” ಎನ್ನುತ್ತಿದ್ದಳು. ನಾಲ್ಕು ಮರಿ ಸತ್ತಿದ್ದವು. ಅವಳನ್ನು ಸಾಮಾನಿನ ಆಟೋದಲ್ಲಿ ಹೊಸದುರ್ಗಕ್ಕೆ, ಅಲ್ಲಿಂದ ಚಿತ್ರದುರ್ಗಕ್ಕೆ ಒಯ್ದರು. ಪಾದದ ಮೂಳೆ ಪುಡಿಯಾಗಿತ್ತು. ಅದು ಸರಿಯಾಗಿ ಕೂಡಲೇ ಇಲ್ಲ.

ನಾಲ್ಕು ದಿನ ಬಿಟ್ಟು ನಿರ್ದೇಶಕರು ಬಂದರು. ಅಷ್ಟರಲ್ಲಿ ಇನ್ನೂ ಮೂರು ಮನೆಗಳ ಗೋಡೆ ಬಿರಿದಿದ್ದವು. ಹುಣಸೆ ಮರದ ಕೆಳಗೆ ಹಟ್ಟಿಯವರನ್ನೆಲ್ಲ ಸೇರಿಸಿ, ತುಂಬ ಬೇಸರದ ಮುಖ ಮಾಡಿಕೊಂಡು, “ವಿಚಾರಣೆ ಮಾಡಿದ್ದೇವೆ. ಮೇಸ್ತ್ರಿ ಮಿಶ್ರಣ ಸರಿಯಾಗಿ ಮಾಡಿಸಿಲ್ಲ. ಸಿಮೆಂಟು ಹೇಳಿದಷ್ಟು ಬಿದ್ದಿಲ್ಲ” ಎಂದರು.

ಜನ ತಿಪ್ಪಣ್ಣನ ಕಡೆ ತಿರುಗಿದರು. ತಿಪ್ಪಣ್ಣ ನನ್ನ ಕಡೆ ತಿರುಗಿದರು.

“ಇಂಜಿನಿಯರಮ್ಮ, ಆ ಬಾಟ್ಲಿ ತಂದು ತೋರಿಸ್ರಿ ಇವರಿಗೆ.”

ಬಾಟಲಿಗಳು ಹತ್ತು ಹೆಜ್ಜೆ ದೂರದ ಶೆಡ್ಡಿನಲ್ಲಿದ್ದವು. ನಾನು ಹೇಳಿದ್ದು ಇಷ್ಟು: “ಅದು ಬರೀ ಪ್ರಾಥಮಿಕ ಪರೀಕ್ಷೆ.”

ಆ ಮಾತಿನ ಅರ್ಥ ಅಲ್ಲಿ ಯಾರಿಗೂ ಆಗಲಿಲ್ಲ. ನಾನು ತಿಪ್ಪಣ್ಣನ ಪರ ಇಲ್ಲ ಎನ್ನುವುದು ಎಲ್ಲರಿಗೂ ಅರ್ಥವಾಯಿತು. ಹಿಂದಿನಿಂದ ಯಾರೋ, “ಸಿಮೆಂಟು ಎಲ್ಲಿಗೆ ಸಾಗಿಸ್ದೆ ಲೇ?” ಎಂದು ಕೂಗಿದರು. ಮೂವತ್ತು ವರ್ಷ ಆ ಸುತ್ತಿನಲ್ಲಿ ಗೋಡೆ ಕಟ್ಟಿದವರನ್ನು ಲೇ ಎಂದರು.

ಆಮೇಲೆ ನಿರ್ದೇಶಕರು ಟೈಪು ಮಾಡಿದ ಒಂದು ಹಾಳೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಮೇಸ್ತ್ರಿಯ ಸಹಿ, ಕೆಳಗೆ ಇಂಜಿನಿಯರ್ ಸಹಿ. ತಿಪ್ಪಣ್ಣ ಪೆನ್ನು ಹಿಡಿದು ನನ್ನನ್ನು ಕೇಳಿದರು, “ಇದ್ರಾಗೆ ಏನು ಬರ್ದೈತೆ?”

ತನ್ನ ನಿರ್ಲಕ್ಷ್ಯದಿಂದಲೇ ಗೋಡೆ ಬಿತ್ತೆಂದು ಮೇಸ್ತ್ರಿ ಒಪ್ಪಿಕೊಂಡಿದ್ದಾನೆ ಎಂದು ಬರೆದಿತ್ತು. ನಾನು ಅಷ್ಟನ್ನೂ ಓದಿದ್ದೆ. “ಕೆಲಸ ನಿಲ್ಲಿಸಿದ್ದೇವೆ ಅಂತ” ಎಂದೆ. ಅವರು ಕನ್ನಡದಲ್ಲಿ ನಿಧಾನವಾಗಿ ಪೂರ್ತಿ ಹೆಸರು ಬರೆದರು. ಅದರ ಕೆಳಗೆ ನಾನು ಸಹಿ ಹಾಕಿದೆ.

ಜುಲೈಯಲ್ಲಿ ಕೆಲಸ ಬಿಟ್ಟು ಬಬ್ಬೂರಿಗೆ ಹೋದೆ. ಊಟಕ್ಕೆ ಕೂತಾಗ ಅಪ್ಪ ಕೇಳಿದ, “ಯಾವ ಮಣ್ಣಾಗೆ ಕಟ್ಟಿದ್ರಮ್ಮ?” ಕೆರೆಗೋಡು ಎಂದೆ. ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಎದ್ದು ಕೈ ತೊಳೆದುಕೊಂಡು ಹೊರಗೆ ಹೋದ. ಮುದ್ದೆ ಅರ್ಧ ಉಳಿದಿತ್ತು.

ಇಷ್ಟೂ ನೆನಪನ್ನು ಹೊತ್ತು ಸಭೆಯ ಮರುದಿನ ಹೊಸದುರ್ಗದ ಬಸ್ಸು ಹತ್ತಿದೆ. ಹಟ್ಟಿ ತಲುಪಿದಾಗ ಹನ್ನೆರಡು ಗಂಟೆ. ಮಣ್ಣಿನ ಒಂದು ಗೋಡೆಯೂ ಇಲ್ಲ. ಹನ್ನೊಂದೂ ಮನೆಗೆ ತಗಡು. ಮಾಡಿಗೂ ತಗಡು, ಕೆಲವಕ್ಕೆ ಗೋಡೆಗೂ ತಗಡು. ಬಿಸಿಲಿಗೆ ತಗಡು ಟಕ್ ಟಕ್ ಎನ್ನುತ್ತಿತ್ತು. ಒಳಗೆ ಇರಲಾಗದೆ ಜನವೆಲ್ಲ ಮರಗಳ ಕೆಳಗಿದ್ದರು. ಗುಡ್ಡದಲ್ಲಿ ಒಳ್ಳೆಯ ಗರಸು ಹಾಗೇ ಬಿದ್ದಿದೆ. ಮಣ್ಣಿನ ಮನೆ ಎಂದರೆ ಇವರು ಈಗ ಉಗಿಯುತ್ತಾರೆ. ನಾವು ಕೆಡವಿದ್ದು ಒಂದು ಗೋಡೆಯನ್ನಲ್ಲ. ಇವರ ಮಕ್ಕಳ ಕಾಲಕ್ಕೂ ತಂಪಾದ ಒಂದು ಮನೆ ಸಿಗದ ಹಾಗೆ ಮಾಡಿದೆವು.

ಈರಕ್ಕ ಗುರುತು ಹಿಡಿದಳು. ಎದ್ದು ನಿಲ್ಲುವಾಗ ಎಡಗಾಲನ್ನು ಎಳೆದುಕೊಂಡಳು. ಕಿರುಹೊತ್ತಗೆ ತೋರಿಸಿ, ಕೆಳಗಿನ ಸಾಲುಗಳನ್ನು ಓದಿ ಹೇಳಿದೆ.

“ನೆಮ್ಮದಿಯಾಗಿ ಬಾಳ್ತಿದೀನಂತಾ?” ಎಂದಳು. ಸ್ವಲ್ಪ ಹೊತ್ತು ಚಿತ್ರ ನೋಡಿದಳು. ನಾನು ಅಳಲು ಶುರುಮಾಡಿದ್ದೆ. “ಅಳಬ್ಯಾಡ. ನನ್ನ ಕಾಲಿಗೆ ನೀನು ಆವತ್ತೇ ಆಸ್ಪತ್ರೆಯಾಗೆ ಅತ್ತಿದ್ದೆ. ನನ್ನತ್ರ ನಿಂದೇನೂ ಬಾಕಿ ಇಲ್ಲ. ತಿಪ್ಪಣ್ಣನ ಮುಖ ನೋಡಿದೀಯಾ? ಆ ಮನುಷ್ಯನ್ನ ಈ ಸುತ್ತಿನಾಗೆ ಒಂದು ಕಟ್ಟೆ ಕಟ್ಟಾಕೂ ಯಾರೂ ಕರೀಲಿಲ್ಲ. ಹಿರಿಯೂರು ಹೈವೇ ಕೆಲಸದಾಗೆ ಜಲ್ಲಿ ಹೊತ್ತ, ಐದು ವರ್ಷ.” ಅವಳೇ ಫೋನು ತೆಗೆದಳು. “ತಿಪ್ಪಣ್ಣ, ಬಾ ಇಲ್ಲಿ. ಆ ಇಂಜಿನಿಯರಮ್ಮ ಬಂದವಳೆ.”

ಅರ್ಧ ಗಂಟೆಯಲ್ಲಿ ಮೊಪೆಡ್ಡಿನಲ್ಲಿ ಬಂದರು. ತೆಳ್ಳಗಾಗಿದ್ದರು. ಕೂರಲಿಲ್ಲ. ನಾನು ಕಿರುಹೊತ್ತಗೆಯನ್ನು ಅವರ ಕೈಗೆ ಕೊಟ್ಟು, ನಿಂತೇ ಹೇಳಿದೆ, ಆ ಇಂಗ್ಲಿಷ್ ಹಾಳೆಯಲ್ಲಿ ಏನಿತ್ತು ಎಂಬುದನ್ನು ಒಂದೊಂದು ಮಾತಾಗಿ. ಅವರಿಗೆ ಅದು ಗೊತ್ತೇ ಇರಲಿಲ್ಲ. ಜನ ಏನನ್ನುತ್ತಾರೆ ಎಂಬುದಷ್ಟೇ ಗೊತ್ತಿತ್ತು. ತನ್ನ ಕೈಯಿಂದಲೇ ಒಪ್ಪಿಕೊಂಡು ಬರೆದುಕೊಟ್ಟಂತಾಗಿದೆ ಎಂದು ಗೊತ್ತಿರಲಿಲ್ಲ.

“ಕೇಳಿದ್ದೆ ನಿಮ್ಮನ್ನ” ಎಂದರು. “ಏನು ಬರ್ದೈತೆ ಅಂತ ಕೇಳಿದ್ದೆ.”

“ಹೌದು ತಿಪ್ಪಣ್ಣ.”

“ಗೊತ್ತಿತ್ತು ನಿಮಗೆ.”

“ಗೊತ್ತಿತ್ತು.”

ಅವರು ತಗಡಿನ ಗೋಡೆಯ ಕಡೆ ನೋಡುತ್ತ ನಿಂತರು. “ಎಂಟು ವರ್ಷ ಬೇಕಾತೇನ್ರಿ ಇಷ್ಟು ಹೇಳಾಕೆ?” ಎಂದರು. ಸಿಟ್ಟಿಗೆ ಅವರ ದನಿ ಏರಿದ್ದನ್ನು ಮೊದಲ ಸಲ ಕೇಳಿದೆ. “ನನ್ನ ತಮ್ಮನೇ ಅವನ ಮನೆ ಕಟ್ಟುವಾಗ ಬ್ಯಾರೆ ಮೇಸ್ತ್ರಿನ ಕರ್ಕಂಡು ಬಂದ. ಅಣ್ಣ, ಜನ ಏನಂತಾರೆ ಅಂದ. ನಮ್ಮಪ್ಪ ಕಟ್ಟಿದ ಗೋಡೆ ಇವತ್ತಿಗೂ ನಿಂತೈತೆ. ಅದರ ಮುಂದೆ ಓಡಾಡಾಕೆ ನಾಚ್ಕಂತೀನಿ ನಾನು.”

ಈರಕ್ಕ ನೀರು ತಂದುಕೊಟ್ಟಳು. ಅವರು ಕುಡಿದು, ಚೊಂಬು ಕೆಳಗಿಟ್ಟು, ಕಲ್ಲಿನ ಮೇಲೆ ಕೂತರು.

“ಬರೀರಿ. ಕನ್ನಡದಾಗೆ ಬರೀರಿ. ನಾನು ಓದ್ತೀನಿ.”

ಚೀಲದಿಂದ ನೋಟ್ ಪುಸ್ತಕ ತೆಗೆದು ಬರೆದೆ. ಗೋಡಿನ ಪರೀಕ್ಷೆ, ಮೇಸ್ತ್ರಿಯ ಎಚ್ಚರಿಕೆ, ಒಂಬತ್ತು ದಿನದ ಇಟ್ಟಿಗೆ, ಬಿರುಕಿನ ಮೇಲಿನ ಬಣ್ಣ, ಇಂಗ್ಲಿಷ್ ಹಾಳೆ, ನಾನು ಹೇಳಿದ ಸುಳ್ಳು. ಕೊನೆಗೆ, ‘ಮಣ್ಣಿನ ಆಯ್ಕೆಯಲ್ಲೂ ಆಮೇಲಿನ ವಿಚಾರಣೆಯಲ್ಲೂ ತಪ್ಪಾಯಿತು’ ಎಂದು ಬರೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ತುಟಿ ಅಲುಗಿಸುತ್ತ ಓದಿದರು. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

“ಇದೇನಿದು, ತಪ್ಪಾಯಿತು? ಮಳೆ ಆತು, ಬೆಳಗಾತು, ತಪ್ಪಾತು. ಅದರಷ್ಟಕ್ಕೆ ಅದು ಆತೇನು? ಮಾಡಿದೋರು ಯಾರೂ ಇಲ್ಲವಾ?”

ಹೊಡೆದುಹಾಕಿ ‘ತಪ್ಪು ಮಾಡಿದೆವು’ ಎಂದು ಬರೆದೆ.

ಮತ್ತೆ ಓದಿದರು. “ಮಾಡಿದೆವು ಅಂದ್ರೆ? ನಾನೂ ಸೇರಿದೆನೇನು ಅದ್ರಾಗೆ?”

ಅದನ್ನೂ ಹೊಡೆದೆ. ನಿರ್ದೇಶಕರು ಮಾಡಿದ್ದನ್ನು ಅವರ ಹೆಸರಿನಲ್ಲಿ ಬೇರೆ ಸಾಲಾಗಿ ಬರೆದೆ. ಅದರ ಕೆಳಗೆ, ‘ನಾನು ತಪ್ಪು ಮಾಡಿದೆ. ತಿಪ್ಪಣ್ಣ ಮಾಡಲಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಅವರು ಹಾಳೆಯನ್ನು ಎರಡು ಸಲ ಓದಿದರು. ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

“ಇದು ನನಗೆ. ಪಂಚಾಯ್ತಿಗೊಂದು ಬರೀರಿ. ಆ ಪುಸ್ತಕ ಮಾಡಿದೋರಿಗೊಂದು ಬರೀರಿ. ಇದೇ ಥರ, ಒಂದಕ್ಷರ ಆಚೀಚೆ ಆಗಬಾರ್ದು.”

ನಾನು ಹೊಸ ಹಾಳೆ ತೆರೆದೆ. ತಿಪ್ಪಣ್ಣ ಎದ್ದು ಹೋಗಲಿಲ್ಲ. ಎದುರಿಗೇ ಕೂತು, ನಾನು ಬರೆಯುವ ಪ್ರತಿ ಅಕ್ಷರವನ್ನೂ ನೋಡುತ್ತಿದ್ದರು.